ಗುರುಗ್ರಹದಲ್ಲಿ ಮಿಂಚಿನ ಸಿಳ್ಳೆ

ನಮ್ಮ ಪುರಾಣಗಳಲ್ಲಿ ಗುರು ದೇವತೆಗಳ ಆಚಾರ್ಯ. ಸಿಡಿಲಿನ ವಜ್ರಾಯುಧ ಇರುವುದು ಶಿಷ್ಯ ಇಂದ್ರನ ಕೈಯಲ್ಲಿ. ರೋಮನ್ನರಿಗೆ ಮಾತ್ರ ಜುಪಿಟರನೇ ಸಿಡಿಲಿನ ಒಡೆಯ. ಆ ಗ್ರಹದಲ್ಲಿ ನಿಜಕ್ಕೂ ಮಿಂಚುಂಟೆ? ಇದ್ದರೆ ಕೋಟ್ಯಂತರ ಕಿಲೋಮೀಟರ್ ಆಚೆಯ ಮಿಂಚನ್ನು ಪತ್ತೆ ಹಚ್ಚುವುದು ಹೇಗೆ?

ಮಳೆಗಾಲದಲ್ಲಿ ರೇಡಿಯೋ ಕೇಳುವಾಗ ಮಿಂಚು ಹೊಳೆದರೆ ‘ಕರಕರ’ ಸದ್ದು ಬರುವುದುಂಟು. ಮಿಂಚು ಬೆಳಕಿನ ಜೊತೆಗೆ ರೇಡಿಯೋ ಅಲೆಗಳನ್ನೂ ಹೊಮ್ಮಿಸುತ್ತದೆ. ವಿಜ್ಞಾನಿಗಳು ಹಿಡಿದ ಜಾಡೂ ಇದೇ.

ಈ ಜಾಡಿನ ಒಂದು ಸುಳಿವು ಸಿಕ್ಕಿದ್ದು ಯುದ್ಧಭೂಮಿಯಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತನ್ನು ಕದ್ದು ಕೇಳುತ್ತಿದ್ದ ಜರ್ಮನ್ ವಿಜ್ಞಾನಿ ಹೈನ್ರಿಕ್ ಬಾರ್ಕ್‌ಹೌಸೆನ್ ಅವರಿಗೆ ಸಿಳ್ಳೆಯಂಥ ಸದ್ದುಗಳು ಕೇಳಿಬಂದವು. ಅದರ ಗುಟ್ಟನ್ನು 1953ರಲ್ಲಿ ಬ್ರಿಟನ್ನಿನ ಓವನ್ ಸ್ಟೋರಿ ಬಿಡಿಸಿದರು. ಮಿಂಚಿನ ಅಲೆಗಳು ಭೂಮಿಯ ಕಾಂತರೇಖೆಗಳ ಉದ್ದಕ್ಕೂ ಬಾಹ್ಯಾಕಾಶದಲ್ಲಿ ಸಾಗುತ್ತವೆ. ಹೆಚ್ಚು ಆವರ್ತನದ ಅಲೆಗಳು ಮೊದಲು ತಲುಪುತ್ತವೆ, ಕಡಿಮೆ ಆವರ್ತನದವು ತಡವಾಗಿ. ಅದರಿಂದಲೇ ಸಿಳ್ಳೆ ಮೇಲಿನ ಸ್ವರದಿಂದ ಕೆಳಗಿನದಕ್ಕೆ ಜಾರುತ್ತದೆ.

1979ರ ಮಾರ್ಚ್‌ನಲ್ಲಿ ಗುರುವಿನ ಬಳಿ ಹಾದುಹೋದ ವಾಯೇಜರ್-1 ಇಂಥದೇ ಸಿಳ್ಳೆಗಳನ್ನು ದಾಖಲಿಸಿತು. ಗ್ರಹದ ಕತ್ತಲ ಭಾಗದ ಚಿತ್ರಗಳಲ್ಲಿ ಮಿಂಚಿನ ಹೊಳಪೂ ಸಿಕ್ಕಿತು. ಕಣ್ಣು, ಕಿವಿ ಎರಡರ ಸಾಕ್ಷಿಯೂ ಒದಗಿದಂತಾಯಿತು. ಶುಕ್ರಗ್ರಹದ ವಿಷಯದಲ್ಲಿ ಇಂಥ ಜೋಡಿ ಸಾಕ್ಷಿ ಸಿಗದ ಕಾರಣ ಅಲ್ಲಿನ ಮಿಂಚಿನ ವಾದ ಇನ್ನೂ ಮುಗಿದಿಲ್ಲ.

ಆದರೂ ಒಂದು ಒಗಟು ಉಳಿಯಿತು. ಭೂಮಿಯ ಮಿಂಚಿನ ಅಲೆಗಳು ಮೆಗಾಹರ್ಟ್ಸ್ ಮಟ್ಟದವರೆಗೂ ಹಬ್ಬುತ್ತವೆ. ಗುರುವಿನಿಂದ ಬಂದವು ಕಿಲೋಹರ್ಟ್ಸ್ ಮಟ್ಟದವು ಮಾತ್ರ. ಹಾಗಾದರೆ ಅಲ್ಲಿನ ಮಿಂಚಿನ ಜಾತಿಯೇ ಬೇರೆಯೇ?

ಉತ್ತರ ಕೊಟ್ಟದ್ದು 2016ರಲ್ಲಿ ಗುರುವಿನ ಕಕ್ಷೆ ಸೇರಿದ ಜೂನೋ ನೌಕೆ. ಹಿಂದಿನ ನೌಕೆಗಳಿಗಿಂತ ತೀರ ಹತ್ತಿರ ಸುಳಿದ ಅದು ಮೊದಲ 8 ಸುತ್ತುಗಳಲ್ಲಿ 600 ಮೆಗಾಹರ್ಟ್ಸ್ ಆವರ್ತನದ 377 ಮಿಂಚಿನ ಸಂಕೇತಗಳನ್ನು ಹಿಡಿಯಿತು. 2018ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಲ್ಲಿನ ಮಿಂಚೂ ನಮ್ಮದರಂತೆಯೇ!

ಆದರೆ ನೆಲೆ ಮಾತ್ರ ತಿರುಗುಮುರುಗು. ಭೂಮಿಯಲ್ಲಿ ಮಿಂಚು ಹೆಚ್ಚು ಉಷ್ಣವಲಯದಲ್ಲಿ, ಗುರುವಿನಲ್ಲಿ ಧ್ರುವಗಳತ್ತ. ಗುರುವಿನ ಸಮಭಾಜಕದಲ್ಲಿ ಬಿಸಿಲು ಮೇಲಿನ ಪದರವನ್ನು ಬೆಚ್ಚಗಿಡುವುದರಿಂದ ಒಳಗಿನ ಅನಿಲ ಮೇಲೇರದು. ಧ್ರುವಗಳಲ್ಲಿ ಆ ತಡೆಯಿಲ್ಲ. ಒಡಲ ಶಾಖದಿಂದ ಮೇಲೇರುವ ತೇವವೇ ಅಲ್ಲಿ ಮೋಡವಾಗಿ ಮಿಂಚುತ್ತದೆ. ಹೀಗೆ ಮಿಂಚನ್ನು ಎಣಿಸುತ್ತ ಹೋದರೆ ಗುರುವಿನ ಒಡಲ ಶಾಖ ಯಾವ ದಾರಿಯಲ್ಲಿ ಹೊರಬರುತ್ತದೆಂಬುದೂ ತಿಳಿಯುತ್ತದೆ.