ಕಲರ್ರೋ, ಬ್ಲ್ಯಾಕ್ ಅಂಡ್ ವೈಟೋ? ಒಂದು ಗುಲ್‌ಮೊಹರ್ ಕಲಿಸಿದ ಪಾಠ

ಹಾಸ್ಟೆಲ್ ಹಿಂದಿದ್ದ ಗುಲ್‌ಮೊಹರ್ ಮರ ನಿಮಗೆಲ್ಲ ನೆನಪಿರಬೇಕು. ಇಂಟರ್ನಲ್ಸ್ ಹೊತ್ತಿಗೆ ಸರಿಯಾಗಿ ಮೈತುಂಬ ಹೂ ಬಿಟ್ಕೊಂಡು ನಿಲ್ತಿತ್ತು. ಏಪ್ರಿಲ್ ಕೊನೆಯಲ್ಲಿ ನಾವು ನಾಲ್ಕು ಜನ ಅದರ ಫೋಟೋ ತೆಗೆಯೋಕೆ ಹೋದ್ವಿ, ಕನ್ನಡ ಸಂಘದ ಪ್ರದರ್ಶನಕ್ಕೆ ಕೊಡೋಣ ಅಂತ. ಕ್ಯಾಮೆರಾ ಸೀನಿಯರ್ ಒಬ್ಬರದ್ದು, ಒಂದು ದಿನದ ಮಟ್ಟಿಗೆ ಸಾಲ. "ಬ್ಲ್ಯಾಕ್ ಅಂಡ್ ವೈಟ್ ಹಾಕ್ರೋ, ಸಖತ್ ಕ್ಲಾಸ್ ಆಗಿರುತ್ತೆ" ಅಂತ ನಮ್ಮಲ್ಲೊಬ್ಬ ಅಂದ. ಕ್ಯಾಮೆರಾದಲ್ಲೇ ಮಾನೋಕ್ರೋಮ್ ಮೋಡ್ ಇಟ್ಟು, ಬರೀ ಜೆಪೆಗ್ ಫೈಲ್ ಉಳಿಯುವ ಹಾಗೆ ಸೆಟ್ ಮಾಡಿ 30 ಫೋಟೋ ಹೊಡೆದ್ವಿ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದ್ರೆ ಹೂವೇ ಇಲ್ಲ! ಬೂದು ಎಲೆಗಳ ನಡುವೆ ಬೂದು ಹೂಗಳು ಕರಗಿಹೋಗಿದ್ವು. "ನಾಡಿದ್ದು ಇನ್ನೊಂದ್ಸಲ ತೆಗೆದ್ರಾಯ್ತು ಬಿಡೋ" ಅಂದ್ಕೊಂಡು ಮಲಗಿದ್ವಿ. ಆ ನಾಡಿದ್ದು ಬರಲೇ ಇಲ್ಲ. ಮೇ ಎರಡನೇ ವಾರದ ಗಾಳಿಮಳೆಗೆ ಮರ ಬುಡಸಮೇತ ಉರುಳಿತು.

ಹೂ ಬಿಟ್ಟ ಆ ಮರದ್ದು ಅಂತ ನಮ್ಮ ಹತ್ರ ಈಗ ಇರೋದು ಆ 30 ಫೋಟೋಗಳು ಮಾತ್ರ. ಒಂದರಲ್ಲೂ ಕೆಂಪಿಲ್ಲ. ಬಣ್ಣ ತೆಗೆದರೆ ಏನು ಕಳ್ಕೋತೀವಿ ಅಂತ ಮೊದಲೇ ಲೆಕ್ಕ ಹಾಕಿದ್ದರೆ ಹೀಗಾಗ್ತಿರಲಿಲ್ಲ. ಆ ಲೆಕ್ಕ ಕಷ್ಟದ್ದೇನಲ್ಲ.

ಹೂ ಯಾಕೆ ಮಾಯ ಆಯ್ತು?

ಬಣ್ಣದ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ ಇರುತ್ತವೆ, 0ಯಿಂದ 255ರ ತನಕ. ಅದನ್ನು ಬೂದು ಮಾಡುವಾಗ ಮೂರನ್ನೂ ಸೇರಿಸಿ ಒಂದೇ ಸಂಖ್ಯೆ ಮಾಡಬೇಕು. ನಮ್ಮ ಕಣ್ಣು ಹಸಿರಿಗೆ ಹೆಚ್ಚು, ನೀಲಿಗೆ ಕಡಿಮೆ ಸ್ಪಂದಿಸುವುದರಿಂದ ಮೂರಕ್ಕೂ ಸಮಪಾಲು ಕೊಡುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ:

ಬೂದು = 0.299 × ಕೆಂಪು + 0.587 × ಹಸಿರು + 0.114 × ನೀಲಿ

ಈಗ ಒಂದು ಕೆಂಪು ಹೂವಿನ ಪಿಕ್ಸೆಲ್ 200, 50, 30 ಅಂತಿಟ್ಕೊಳ್ಳಿ. ಎಲೆಯದ್ದು 70, 110, 50. ಲೆಕ್ಕ ಹಾಕಿದರೆ ಹೂವಿಗೆ ಸುಮಾರು 93, ಎಲೆಗೆ 91. ಕಣ್ಣಿಗೆ ಹೊಡೆಯುವಷ್ಟು ಬೇರೆ ಇದ್ದ ಎರಡು ಬಣ್ಣಗಳು ಬೂದಿನಲ್ಲಿ ಅಣ್ಣತಮ್ಮಂದಿರು! ಬಣ್ಣದ ವ್ಯತ್ಯಾಸ ಬೇರೆ, ಬೆಳಕಿನ ವ್ಯತ್ಯಾಸ ಬೇರೆ. ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಉಳಿಯೋದು ಎರಡನೆಯದು ಮಾತ್ರ.

ಇದಕ್ಕೆ ಪರಿಹಾರ ಇತ್ತು. ಮೂರು ಚಾನೆಲ್‌ಗಳ ಪಾಲನ್ನು ನಾವೇ ಬದಲಾಯಿಸಬಹುದು. ಬರೀ ಕೆಂಪು ಚಾನೆಲ್ ತಗೊಂಡಿದ್ರೆ ಹೂ 200, ಎಲೆ 70. ಕಪ್ಪು ಎಲೆಗಳ ಮೇಲೆ ಬೆಳ್ಳಗೆ ಹೊಳೆಯುವ ಹೂ ಸಿಗ್ತಿತ್ತು. ಫಿಲ್ಮ್ ಕಾಲದವರು ಇದನ್ನೇ ಲೆನ್ಸ್ ಮುಂದೆ ಬಣ್ಣದ ಫಿಲ್ಟರ್ ಹಾಕಿ ಮಾಡ್ತಿದ್ರು. 1927ರಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ಆಕಾಶ ತಾವು ಅಂದುಕೊಂಡಷ್ಟು ಕಪ್ಪಾಗಲ್ಲ ಅನ್ನಿಸಿ, ಉಳಿದಿದ್ದ ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ನೀಲಿ ಬೆಳಕು ತಡೆದುಹೋಗಿ ಆಕಾಶ ಹೆಚ್ಚುಕಮ್ಮಿ ಕಪ್ಪಾಯಿತು, ಬಂಡೆ ಎದ್ದು ನಿಂತಿತು.

ನಮ್ಮ ಜೆಪೆಗ್‌ನಲ್ಲಿ ಈಗ ಅದನ್ನು ಮಾಡೋಕಾಗಲ್ಲ. ಪ್ರತಿ ಪಿಕ್ಸೆಲ್‌ಗೂ ಇರೋದು ಒಂದು ಈಕ್ವೇಷನ್, ಮೂರು ವೇರಿಯಬಲ್. ಮುಂದಿನದ್ದು ಎಂ-1 ಪಾಸಾದ ಎಲ್ಲರಿಗೂ ಗೊತ್ತು.

ಯಾವಾಗ ಬಣ್ಣ ಉಳಿಸಬೇಕು?

ಬಣ್ಣವೇ ವಿಷಯ ಹೇಳ್ತಿದ್ರೆ ಉಳಿಸಿ. ನಮ್ಮ ಕೆರೆ ಪಕ್ಕ ಕೂರುವ ಗದ್ದೆ ಮಿಂಚುಳ್ಳಿಯ ನೀಲಿ ಬೆನ್ನು, ಕೆಂಪು ಕೊಕ್ಕು ತೆಗೆದರೆ ಅರ್ಧ ಹಕ್ಕಿಯೇ ಹೋದ ಹಾಗೆ. ಅದೇ ಕಪ್ಪು ಬಿಳಿ ಮಿಂಚುಳ್ಳಿಯಾದರೆ ಅಷ್ಟೇನೂ ನಷ್ಟವಿಲ್ಲ. ಅದರ ಗರಿಗಳ ಚಿತ್ತಾರ ಇರೋದೇ ಆ ಎರಡು ಬಣ್ಣದಲ್ಲಿ. ಕಾಫಿ ಗಿಡದಲ್ಲಿ ಹಣ್ಣು ಯಾವುದು, ಕಾಯಿ ಯಾವುದು ಅಂತ ತೋರಿಸಬೇಕಾದ್ರೂ ಬಣ್ಣ ಬೇಕೇ ಬೇಕು.

ಯಾವಾಗ ತೆಗೆದರೆ ಒಳ್ಳೆಯದು?

ಆಕಾರ, ಮೈಯ ಒರಟು, ನೆರಳು ಬೆಳಕು ಮುಖ್ಯ ಆದಾಗ. ಮಂಜು ಮುಸುಕಿದ ನಂದಿಬೆಟ್ಟದ ಮರಗಳಲ್ಲಿ ಬಣ್ಣ ಮೊದಲೇ ಕಮ್ಮಿ. ಅದನ್ನು ಪೂರ್ತಿ ತೆಗೆದರೂ ಏನೂ ಹೋಗಲ್ಲ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಅವರ ಕಾಡುಪ್ರಾಣಿಗಳ ಕಪ್ಪುಬಿಳುಪು ಫೋಟೋಗಳನ್ನು ಹುಡುಕಿ ನೋಡಿ. ಬೆಳಕಿನ ಮೇಲೇ ಫೋಟೋ ನಿಲ್ಲೋದು ಅಂದ್ರೆ ಏನು ಅಂತ ಗೊತ್ತಾಗುತ್ತೆ.

ಗಮನ ಕದಿಯುವ ಬಣ್ಣ ಇದ್ದಾಗಲೂ ಇದು ಕೆಲಸಕ್ಕೆ ಬರುತ್ತೆ. ಮರ ಬಿದ್ದ ಮರುದಿನ ಬೆಳಗ್ಗೆ ನಾವು ಮತ್ತೆ ಕ್ಯಾಮೆರಾ ಕೇಳಿ ತಂದ್ವಿ. ಬುಡ ಮೇಲಾಗಿ, ಬೇರೆಲ್ಲ ಆಕಾಶಕ್ಕೆ ಚಾಚಿಕೊಂಡಿತ್ತು. ಕಲರ್‌ನಲ್ಲಿ ನೋಡಿದ್ರೆ ಕಣ್ಣು ಮೊದಲು ಹೋಗಿದ್ದು ಹಿಂದಿದ್ದ ಹಳದಿ ಜೆಸಿಬಿಗೆ, ಆಮೇಲೆ ಯಾರೋ ಹಾಸಿದ್ದ ನೀಲಿ ಟಾರ್ಪಾಲ್‌ಗೆ. ಬಣ್ಣ ತೆಗೆದು, ಹಳದಿಯ ಭಾಗವನ್ನು ಸ್ವಲ್ಪ ಕಪ್ಪಾಗಿಸಿದ ಮೇಲೆ ಬೇರು ಮುಂದೆ ಬಂತು. ಪ್ರದರ್ಶನಕ್ಕೆ ಕೊಟ್ಟಿದ್ದು ಇದನ್ನೇ.

ಒಂದು ಎಚ್ಚರಿಕೆ: ಶೇಕ್ ಆದ ಫೋಟೋ, ಫೋಕಸ್ ತಪ್ಪಿದ ಫೋಟೋ ಬ್ಲ್ಯಾಕ್ ಅಂಡ್ ವೈಟ್ ಮಾಡಿದ ತಕ್ಷಣ ಕಲೆ ಆಗಲ್ಲ. ನಾವು ಟ್ರೈ ಮಾಡಿ ನೋಡಿದ್ದೀವಿ.

ನಾವು ಈಗ ಏನು ಮಾಡ್ತೀವಿ?

1. ಕ್ಯಾಮೆರಾವನ್ನು ‘ರಾ’ ಪ್ಲಸ್ ಜೆಪೆಗ್‌ಗೆ ಇಡ್ತೀವಿ. ಮಾನೋಕ್ರೋಮ್ ಮೋಡ್ ಹಾಕಿದ್ರೆ ಸ್ಕ್ರೀನ್ ಮೇಲೆ ಬೂದು ಕಾಣುತ್ತೆ, ‘ರಾ’ ಫೈಲಿನಲ್ಲಿ ಬಣ್ಣದ ಮಾಹಿತಿ ಹಾಗೇ ಇರುತ್ತೆ. ಮೊಬೈಲ್ ಆದ್ರೆ ಕಲರ್‌ನಲ್ಲೇ ತೆಗೆದು ಕಾಪಿ ಮೇಲೆ ಎಡಿಟ್ ಮಾಡಿ.

2. "ಈ ಫೋಟೋದಲ್ಲಿ ನಮ್ಮನ್ನು ನಿಲ್ಲಿಸಿದ್ದು ಏನು?" ಅಂತ ಒಂದೇ ಮಾತಿನಲ್ಲಿ ಹೇಳ್ಕೋತೀವಿ. ಆ ಉತ್ತರದಲ್ಲಿ ಬಣ್ಣದ ಹೆಸರು ಬಂದರೆ ಕಲರ್.

3. ಬೂದು ಮಾಡುವಾಗ ಕೆಂಪು, ಹಸಿರು, ನೀಲಿ ಸ್ಲೈಡರ್‌ಗಳನ್ನು ಒಂದೊಂದಾಗಿ ಎಳೆದು ನೋಡ್ತೀವಿ. ಒಂದೇ ಕ್ಲಿಕ್ಕಿನಲ್ಲಿ ಮುಗಿಸಲ್ಲ.

ಪ್ರದರ್ಶನದ ದಿನ ಫಸ್ಟ್ ಇಯರ್ ಹುಡುಗಿಯೊಬ್ಬಳು ಬೇರಿನ ಫೋಟೋ ಮುಂದೆ ನಿಂತು, "ಇದು ಯಾವ ಮರ ಅಣ್ಣಾ?" ಅಂದಳು. ಗುಲ್‌ಮೊಹರ್ ಅಂದ್ವಿ. "ಹೂ ಬಿಡ್ತಿತ್ತಾ?" ಅಂದಳು. ತೋರಿಸೋಕೆ ನಮ್ಮ ಹತ್ರ ಏನೂ ಇರಲಿಲ್ಲ. ಮೊಬೈಲ್‌ನಲ್ಲಿ ಇರೋದೆಲ್ಲ ನಮ್ಮದೇ ಮುಖ, ಹಿಂದೆ ಒಂಚೂರು ಕಾಂಡ.

ಅದಕ್ಕೇ ಒಂದು ಕೋರಿಕೆ. ನಿಮ್ಮಲ್ಲಿ ಯಾರ ಹತ್ರಾದ್ರೂ ಆ ಮರ ಹೂ ಬಿಟ್ಟಾಗ ತೆಗೆದ ಫೋಟೋ ಇದ್ರೆ ಸಂಘದ ಗ್ರೂಪಿಗೆ ಹಾಕಿ. ಬ್ಲರ್ ಆಗಿದ್ರೂ ಪರವಾಗಿಲ್ಲ, ಕಲರ್ ಇದ್ರೆ ಸಾಕು.