ಗೂಢಚಾರಿ ಕಾದಂಬರಿ: ಇದೆಲ್ಲ ನಿಜವೇ?



ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆ ಓದುವಾಗ ನಮ್ಮ ಪ್ರಶ್ನೆ ಒಂದೇ: ಮುಂದೇನು? ಹೊಸದೊಂದು ಗೂಢಚಾರಿ ಕಾದಂಬರಿ ಬಂದಾಗ ಓದುಗರು ಇನ್ನೊಂದನ್ನೂ ಕೇಳುತ್ತಾರೆ: ಇದೆಲ್ಲ ನಿಜವೇ?

1963ರಲ್ಲಿ ಜಾನ್ ಲ ಕಾರೆ ಅವರ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್' ಪ್ರಕಟವಾದಾಗ ಹೀಗೆಯೇ ಆಯಿತು. ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದ ಲೇಖಕರ ಕಥೆಯನ್ನು ಅನೇಕರು ವರದಿಯೆಂದೇ ನಂಬಿದರು. ನಿಜವಾಗಿದ್ದರೆ ಇಲಾಖೆ ಅದನ್ನು ಅಚ್ಚಿಗೇ ಬಿಡುತ್ತಿರಲಿಲ್ಲವೆಂದು ವರ್ಷಗಳ ನಂತರವೂ ಅವರು ಹೇಳಬೇಕಾಯಿತು.

ಈ ನಂಬಿಕೆ ಹುಟ್ಟುವುದು ಹೇಗೆ? ಕಥೆಯ ಗೂಢಚಾರ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಚಿತ್ತಾಪುರ, ಸೇಡಂ ದಾಟಿದನೆಂದರೆ ನೀವು ತಲೆದೂಗುತ್ತೀರಿ. ಚಿಂಚೋಳಿ ನಿಲ್ದಾಣದಲ್ಲಿ ಇಳಿದನೆಂದರೆ ನಗುತ್ತೀರಿ. ಅಲ್ಲಿಗೆ ರೈಲೇ ಇಲ್ಲ! ಅವನು ಬರ್ಲಿನ್ನಿನಲ್ಲಿ ಇಳಿದರೆ? ಪರೀಕ್ಷಿಸಲು ಶಹಾಬಾದಿನ ಓದುಗನಲ್ಲಿ ಅಳತೆಗೋಲಿಲ್ಲ. ಹತ್ತು ಸರಿಯಾದ ವಿವರಗಳ ಜೊತೆಗೆ ಹನ್ನೊಂದನೆಯ ಕಲ್ಪನೆಯನ್ನೂ ನಂಬಿಬಿಡುತ್ತಾನೆ.

ಆದ್ದರಿಂದ ಓದಿದ ಮೇಲೆ ಎರಡು ಪಟ್ಟಿ ಮಾಡಿ: ನಾನು ಪರೀಕ್ಷಿಸಬಲ್ಲದ್ದು, ನಾನು ಸುಮ್ಮನೆ ನಂಬಿದ್ದು. ಎರಡನೆಯದು ಉದ್ದವಾಗಿದ್ದರೆ ಲೇಖಕರ ಜಾಣ್ಮೆಗೆ ಚಪ್ಪಾಳೆ ತಟ್ಟಿ. ಆದರೆ ಅದನ್ನೇ ಸಾಕ್ಷಿಯೆಂದು ಹಿಡಿದು ಯಾವ ನಾಡನ್ನೂ, ಯಾವ ಜನರನ್ನೂ ಶತ್ರುವೆಂದು ತೀರ್ಮಾನಿಸಬೇಡಿ.