ಹೊಸ ಗಣಕ ಬರುವ ಮುನ್ನ ಹಳೆಯದರೊಳಗೆ ಇಣುಕಿ

2025ರ ಅಕ್ಟೋಬರ್ 14. ಅಂದು ಯಾವ ಗಣಕವೂ ಕೆಟ್ಟು ನಿಲ್ಲಲಿಲ್ಲ. ಗುಂಡಿ ಒತ್ತಿದರೆ ಎಂದಿನಂತೆ ಪರದೆ ಬೆಳಗಿತು, ಎಂದಿನಂತೆ ಮಕ್ಕಳ ಆಟ-ಪಾಠ ನಡೆಯಿತು. ಆದರೂ ಜಗತ್ತಿನ ಕೋಟ್ಯಂತರ ಗಣಕಗಳಿಗೆ ಅದು ನಿವೃತ್ತಿಯ ದಿನ. 2015ರ ಜುಲೈಯಲ್ಲಿ ಬಿಡುಗಡೆಯಾಗಿದ್ದ ವಿಂಡೋಸ್ 10 ವ್ಯವಸ್ಥೆಗೆ ಸುರಕ್ಷತೆಯ ಉಚಿತ ತೇಪೆಗಳನ್ನು ಒದಗಿಸುವುದನ್ನು ಮೈಕ್ರೋಸಾಫ್ಟ್ ಕಂಪನಿ ಅಂದು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತದೆಂದು ಅದೇ ಸಂದರ್ಭದಲ್ಲಿ ಪ್ರಕಟಿಸಿತು. ಒಂದು ವರ್ಷದ ಜೀವದಾನ!

ತೇಪೆ ನಿಂತರೆ ಆಗುವುದೇನು? ಕೂಡಲೇ ಏನೂ ಆಗದು. ಆದರೆ ಗೋಡೆಯಲ್ಲಿ ಹೊಸ ಬಿರುಕು ಕಂಡಾಗ ಮುಚ್ಚುವವರು ಇರುವುದಿಲ್ಲ. ಮಗನ ಆನ್‌ಲೈನ್ ಅರ್ಜಿ, ಅಪ್ಪನ ಬ್ಯಾಂಕ್ ವ್ಯವಹಾರ, ಅಮ್ಮನ ಇ-ಮೇಲ್ ಎಲ್ಲವೂ ಒಂದೇ ಯಂತ್ರದಲ್ಲಿ ನಡೆಯುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ‘ಹೊಸ ಗಣಕ ಯಾವುದು ತರೋಣ?’ ಎಂಬ ಚರ್ಚೆ ಅನೇಕ ಮನೆಗಳಲ್ಲಿ ನಡೆದಿದೆ. ಅಂಗಡಿಗೆ ಹೋದರೆ ಕೇಳುವ ಮೊದಲ ಪ್ರಶ್ನೆ ‘ಎಷ್ಟರವರೆಗೆ ನೋಡ್ತೀರಿ ಸಾರ್?’ ಎಂಬುದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಹಳೆಯ ಗಣಕದೊಳಗೆ ಏನೇನಿದೆ?

ಹಳೆಯದಕ್ಕೇ ವಿಂಡೋಸ್ 11 ಹಾಕಿಸಬಾರದೇ ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೇಳುವ ಸ್ಮೃತಿ 4 ಗಿಗಾಬೈಟ್, ಸಂಗ್ರಹ ಜಾಗ 64 ಗಿಗಾಬೈಟ್. ಇದು ಹೆಚ್ಚೇನಲ್ಲ. ತೊಡಕಿರುವುದು ಬೇರೆ ಎರಡು ಷರತ್ತುಗಳಲ್ಲಿ. ಒಂದು, ಗಣಕದಲ್ಲಿ ಟಿಪಿಎಂ 2.0 ಎಂಬ ಸೌಲಭ್ಯ ಇರಬೇಕು. ರಹಸ್ಯ ಸಂಕೇತಗಳನ್ನು ಉಳಿದ ಭಾಗಗಳಿಂದ ಬೇರೆಯಾಗಿ ಕಾಪಾಡುವ ಪುಟ್ಟ ತಿಜೋರಿ ಅದು. ಇನ್ನೊಂದು, ಸಂಸ್ಕಾರಕವು ಕಂಪನಿ ಒಪ್ಪಿದ ಪಟ್ಟಿಯಲ್ಲಿರಬೇಕು. ಇಂಟೆಲ್ ಸಂಸ್ಕಾರಕಗಳ ಪೈಕಿ ಈ ಪಟ್ಟಿ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತದೆ. ಅದಕ್ಕೆ ಮೊದಲು ಕೊಂಡ ಗಣಕ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊರಗೆ. ಉಳುವ ಎತ್ತನ್ನು ಹಲ್ಲು ಎಣಿಸಿ ಸಂತೆಗೆ ಅಟ್ಟಿದಂತೆ!

ಇಂಥ ಸ್ಥಿತ್ಯಂತರ ನಮ್ಮ ಶಾಲೆಗಳಿಗೆ ಹೊಸದಲ್ಲ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಗಣಕಗಳನ್ನು ಕೊಟ್ಟಿತು. ಅದರ ಬಿ ಮಾದರಿಯ ಸ್ಮೃತಿ ಕೇವಲ 32 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದು ಫೋಟೋವನ್ನು ತುಂಬಿಡಲು ಅಂಥ 96 ಗಣಕಗಳು ಬೇಕಾಗುತ್ತವೆ. ಮುಂದೆ ಐಬಿಎಂ ಮಾದರಿಯ ಪಿಸಿಗಳು ಬಂದಾಗ ಬಿಬಿಸಿ ಮೈಕ್ರೊಗಾಗಿ ಬರೆದ ಕ್ರಮವಿಧಿಗಳು ಅವುಗಳಲ್ಲಿ ಹಾಗೆಯೇ ಓಡಲಿಲ್ಲ. ಯಂತ್ರ ಬದಲಾದಾಗ ಕಳೆದುಹೋಗುವುದು ಯಂತ್ರವಷ್ಟೇ ಅಲ್ಲ ಎಂಬುದು ಆಗಲೇ ಗೊತ್ತಾಗಿತ್ತು.

ನಿಧಾನಕ್ಕೆ ಕಾರಣ ಎಲ್ಲಿ?

‘ಗಣಕ ತುಂಬಾ ಸ್ಲೋ ಆಗಿದೆ, ಬದಲಾಯಿಸೋಣ’ ಎಂಬುದು ಮಕ್ಕಳ ಸಾಮಾನ್ಯ ದೂರು. ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಐದೂವರೆ ಮಿಲಿಸೆಕೆಂಡು. ಸೂಜಿ ತಾನೇ ಸರಿಯಾದ ಜಾಡಿಗೆ ಸರಿಯಲು ಮತ್ತೆ ಹತ್ತು ಹನ್ನೆರಡು ಮಿಲಿಸೆಕೆಂಡು. ಒಟ್ಟಿನಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಅರುವತ್ತು ಬಾರಿ ಹೆಕ್ಕಿದರೆ ದೊಡ್ಡದು. ಗಣಕ ಚಾಲೂ ಆಗುವಾಗ ಸಾವಿರಾರು ಸಣ್ಣ ಸಣ್ಣ ಕಡತಗಳನ್ನು ಹೀಗೆ ಹೆಕ್ಕಬೇಕು. ಇನ್ನು ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಕಾಯುವ ಹೊತ್ತು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು.

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಿದ್ದರೆ ಸ್ಮೃತಿಯನ್ನು 8 ಗಿಗಾಬೈಟಿಗೆ ಏರಿಸಿದರೆ ಎಷ್ಟೋ ಹಳೆಯ ಗಣಕಗಳು ಮತ್ತೆ ಚುರುಕಾಗುತ್ತವೆ. ಇದರ ಖರ್ಚು ಹೊಸ ಗಣಕದ ಬೆಲೆಯ ಒಂದು ಸಣ್ಣ ಪಾಲು. ಸುರಕ್ಷತೆಯ ತೇಪೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ವ್ಯವಸ್ಥೆಯನ್ನೇ ಬದಲಿಸುವುದು.

ಹಳಿ ಬೇರೆ, ಬೋಗಿ ಬೇರೆ

ವಿಂಡೋಸ್, ಆಪಲ್‌ನ ಮ್ಯಾಕ್, ಲಿನಕ್ಸ್, ಗೂಗಲ್‌ನ ಕ್ರೋಮ್‌ಬುಕ್. ಮನೆಬಳಕೆಗೆ ಸಿಗುವ ಮುಖ್ಯ ವ್ಯವಸ್ಥೆಗಳು ಇವು. ಒಂದರ ತಂತ್ರಾಂಶ ಇನ್ನೊಂದರಲ್ಲಿ ಏಕೆ ಓಡುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ರೈಲಿನ ಉದಾಹರಣೆ ನೋಡಿ. ಮೀಟರ್ ಗೇಜ್ ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಬ್ರಾಡ್ ಗೇಜ್‌ನದು 1676. ಒಂದಕ್ಕೆ ಕಟ್ಟಿದ ಬೋಗಿ ಇನ್ನೊಂದರ ಮೇಲೆ ಓಡದು. ಆದರೆ ಪ್ರಯಾಣಿಕರೂ ಅವರ ಗಂಟುಮೂಟೆಗಳೂ ಇಳಿದು ಇನ್ನೊಂದು ರೈಲು ಹತ್ತಬಹುದು. ತಂತ್ರಾಂಶ ಬೋಗಿಯಿದ್ದಂತೆ. ಫೋಟೋ, ಹಾಡು, ಪಿಡಿಎಫ್ ಇವೆಲ್ಲ ಗಂಟುಮೂಟೆ; ಯಾವ ರೈಲಿನಲ್ಲೂ ಸಾಗುತ್ತವೆ.

ಹಾಗಾಗಿ ಮನೆಯಲ್ಲಿ ಯಾವ ಬೋಗಿಯಿಲ್ಲದೆ ನಡೆಯದು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳುವುದು ಲೇಸು. ಕಾಮರ್ಸ್ ಓದುವ ಮಗಳು ಟ್ಯಾಲಿ ಕಲಿಯಬೇಕಾದರೆ ವಿಂಡೋಸ್ ಬೇಕು. ಎಂಜಿನಿಯರಿಂಗ್ ಓದುವ ಮಗನಿಗೆ ಸಾಲಿಡ್‌ವರ್ಕ್ಸ್ ಬೇಕಾದರೂ ವಿಂಡೋಸೇ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿಯಿದೆ, ಲಿನಕ್ಸ್ ಆವೃತ್ತಿ ಇಲ್ಲ. ಆದರೆ ಪ್ರೌಢಶಾಲೆಯ ಹುಡುಗನಿಗೆ ಇವೊಂದೂ ಬೇಡ. ಆಕಾಶ ತೋರಿಸುವ ಸ್ಟೆಲ್ಲೇರಿಯಂ, ಗಣಿತದ ಜಿಯೋಜೀಬ್ರಾ, ಪತ್ರ-ಕೋಷ್ಟಕಗಳಿಗೆ ಲಿಬ್ರೆಆಫೀಸ್, ಕ್ರಮವಿಧಿ ಬರೆಯಲು ಪೈಥಾನ್ ಇವು ಮೂರೂ ದೊಡ್ಡ ವ್ಯವಸ್ಥೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಆನ್‌ಲೈನ್ ಅರ್ಜಿಗಳಿಗೆ ಬೇಕಾದ್ದು ಒಂದು ಒಳ್ಳೆಯ ಬ್ರೌಸರ್ ಅಷ್ಟೇ.

ಲಿನಕ್ಸ್ ಎಂದರೆ ಪಂಡಿತರಿಗೆ ಮಾತ್ರ ಎಂಬ ಅಂಜಿಕೆ ಇನ್ನೂ ಹೋಗಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದರ ಹೃದಯಭಾಗವನ್ನು ಬರೆದಾಗ ಆತನಿಗೆ 21 ವರ್ಷ! ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಸುಮಾರು ಎರಡು ದಶಕಗಳಿಂದ ಮಕ್ಕಳು ಕಲಿಯುತ್ತಿರುವುದು ಲಿನಕ್ಸ್ ಗಣಕಗಳಲ್ಲೇ. ಇದರ ದೊಡ್ಡ ಗುಣವೆಂದರೆ ಕೊಳ್ಳದೆ, ಹಳೆಯದನ್ನು ಅಳಿಸದೆ ಪರೀಕ್ಷಿಸಿ ನೋಡಬಹುದು. ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಒಂದು ಪೆನ್ ಡ್ರೈವಿಗೆ ಬರೆದುಕೊಂಡು, ಅದರಿಂದಲೇ ಗಣಕವನ್ನು ಚಾಲೂ ಮಾಡಿದರಾಯಿತು. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮನೆಯ ಪ್ರಿಂಟರ್ ಮಾತು ಕೇಳುತ್ತದೆಯೇ? ಒಂದು ಸಂಜೆಯಲ್ಲಿ ತಿಳಿದುಬಿಡುತ್ತದೆ. ಒಗ್ಗದಿದ್ದರೆ ಪೆನ್ ಡ್ರೈವ್ ಕಿತ್ತು ಮತ್ತೆ ಚಾಲೂ ಮಾಡಿದರೆ ಹಳೆಯ ವಿಂಡೋಸ್ ಇದ್ದಲ್ಲೇ ಇರುತ್ತದೆ. ‘ಇನ್‌ಸ್ಟಾಲ್’ ಎಂಬ ಗುಂಡಿಯನ್ನು ಮಾತ್ರ ಅವಸರದಲ್ಲಿ ಒತ್ತಬಾರದು. 4 ಗಿಗಾಬೈಟ್ ಸ್ಮೃತಿಯ ಹಳೆಯ ಯಂತ್ರಕ್ಕೆ ಮಿಂಟ್ ಒಳ್ಳೆಯ ಜೋಡಿ.

ಮ್ಯಾಕ್ ಬೆಲೆಯಲ್ಲಿ ಏರು. ಕಟ್ಟೋಣ, ಬ್ಯಾಟರಿ, ಪರದೆ ಮೂರೂ ಚೆನ್ನ. ಆದರೆ ಇಂದಿನ ಮ್ಯಾಕ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಮೃತಿಯನ್ನು ಆಮೇಲೆ ಏರಿಸುವಂತಿಲ್ಲ. ಕೊಳ್ಳುವ ದಿನವೇ ಐದಾರು ವರ್ಷ ಮುಂದಿನದನ್ನು ಯೋಚಿಸಿರಬೇಕು. ಇನ್ನೊಂದು ಎಚ್ಚರಿಕೆ ಸೆಕೆಂಡ್ ಹ್ಯಾಂಡ್ ಮ್ಯಾಕ್ ಹುಡುಕುವವರಿಗೆ. 2020ರ ನವೆಂಬರ್‌ನಲ್ಲಿ ಆಪಲ್ ಇಂಟೆಲ್ ಸಂಸ್ಕಾರಕ ಬಿಟ್ಟು ತನ್ನದೇ ಎಂ1 ಸಂಸ್ಕಾರಕಕ್ಕೆ ಬದಲಾಗತೊಡಗಿತು. 2025ರಲ್ಲಿ ಬಂದ ‘ತಾಹೋ’ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು. ಅಗ್ಗಕ್ಕೆ ಸಿಗುವ ಮ್ಯಾಕ್ ಯಾವ ಸಂಸ್ಕಾರಕದ್ದು ಎಂದು ವಿಚಾರಿಸದೆ ಹಣ ಎಣಿಸಬಾರದು.

ಕ್ರೋಮ್‌ಬುಕ್ ಅಗ್ಗ, ಹಗುರ, ಸರಳ. ಬಹುತೇಕ ಕೆಲಸ ಅಂತರಜಾಲದ ಮೂಲಕವೇ ನಡೆಯುವುದರಿಂದ ಸಂಪರ್ಕ ಕೈಕೊಡುವ ಊರುಗಳಿಗೆ ಹೇಳಿಸಿದ್ದಲ್ಲ. ಅದರ ಪರಿಷ್ಕರಣೆಗಳಿಗೆ ಗೂಗಲ್ ಹತ್ತು ವರ್ಷದ ಗಡುವು ಕೊಡುವುದು ನಿಜ. ಆದರೆ ಆ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ಮೂಲ ವಿನ್ಯಾಸ ಬಿಡುಗಡೆಯಾದ ದಿನದಿಂದ.

ಕನ್ನಡದ ಕಡತಗಳ ಗತಿ

ಈಗ ಅಂಗಡಿಯವರು ಹೇಳದ ವಿಷಯಕ್ಕೆ ಬರೋಣ. ಅಜ್ಜ ಬರೆದಿಟ್ಟ ಮನೆತನದ ಚರಿತ್ರೆಯೋ, ಅಮ್ಮ ಟೈಪು ಮಾಡಿದ ಹಾಡುಗಳ ಸಂಗ್ರಹವೋ, ಅಪ್ಪನ ಸಂಘದ ವರದಿಗಳೋ ಹಳೆಯ ಗಣಕದಲ್ಲಿವೆ ಎಂದಿಟ್ಟುಕೊಳ್ಳಿ. ಪೆನ್ ಡ್ರೈವಿಗೆ ನಕಲು ಮಾಡಿ ಹೊಸ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ! ‘ಕನ್ನಡ’ ಎಂದು ಬರೆದಿದ್ದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ವಿಚಿತ್ರ ಅಕ್ಷರ, ಒಂದು ಕ್ಯೂ, ಮತ್ತೊಂದು ಎ. ಕಡತ ಕೆಟ್ಟಿತು ಎಂದುಕೊಂಡು ಅಳಿಸಿಬಿಡುವವರೂ ಇದ್ದಾರೆ.

ಕಡತ ಕೆಟ್ಟಿರುವುದಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವಷ್ಟೆ. ಆ ಕಾಲದ ಫಾಂಟುಗಳಿಗೆ ಇದ್ದುದು 256 ಸ್ಥಾನಗಳು ಮಾತ್ರ. ಅವೂ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆಂದು ಮೀಸಲಾದವು. ಅವುಗಳ ಆಕಾರ ಅಳಿಸಿ ಆ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಲಾಯಿತು. ಹೀಗಾಗಿ ನುಡಿಯ ಹಳೆಯ ಕಡತದಲ್ಲಿ ‘ಕನ್ನಡ’ ಎಂದರೆ 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳು. 80 ಅಂದರೆ ಕ ಅಕ್ಷರದ ಬುಡ, 192 ಅಂದರೆ ತಲೆಕಟ್ಟು. ಆ ಫಾಂಟು ಇರುವವರೆಗೆ ಎಲ್ಲ ಸರಿ. ಅದಿಲ್ಲದ ಯಂತ್ರ 80ನ್ನು ಪಿ ಎಂದೇ ಓದುತ್ತದೆ. ಅದರ ತಪ್ಪೇನೂ ಇಲ್ಲ.

1991ರಲ್ಲಿ ಹೊರಬಂದ ಯೂನಿಕೋಡ್ ಈ ಗೋಜಲು ಬಿಡಿಸಿತು. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೇ ಮೀಸಲು. 3221 ಎಂದರೆ ಜಗತ್ತಿನ ಯಾವ ಗಣಕದಲ್ಲೂ ‘ಕ’ವೇ. ‘ಕನ್ನಡ’ ಎಂಬುದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ನಡುವಿನ 3277 ಒತ್ತಕ್ಷರ ಬೆಸೆಯುವ ಚಿಹ್ನೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಇದಕ್ಕೆ ‘ತುಂಗಾ’ ಫಾಂಟು ಸಿದ್ಧವಿತ್ತು. ಮ್ಯಾಕ್, ಲಿನಕ್ಸ್, ಮೊಬೈಲು ಎಲ್ಲೆಡೆ ಇಂದು ಇದೇ ಪದ್ಧತಿ.

ಹೊಸ ಯಂತ್ರಕ್ಕೆ ಹಳೆಯ ಫಾಂಟನ್ನು ಹಾಕಿಕೊಂಡರೆ ಹಳೆಯ ಕಡತ ಮತ್ತೆ ಓದಲು ಸಿಗುತ್ತದೆ ನಿಜ. ಆದರೆ ಅದರೊಳಗೆ ಒಂದು ಹೆಸರನ್ನು ಹುಡುಕಲಾಗದು, ವಾಟ್ಸಾಪಿನಲ್ಲಿ ಅಂಟಿಸಿ ಕಳಿಸಲಾಗದು. ಯೂನಿಕೋಡಿಗೆ ಪರಿವರ್ತಿಸುವುದೇ ಸರಿಯಾದ ದಾರಿ. ನುಡಿ, ಬರಹ ಎರಡರಲ್ಲೂ ಪರಿವರ್ತಕಗಳು ಬಂದಿವೆ. ಈ ಕೆಲಸವನ್ನು ಹಳೆಯ ಗಣಕ ಇನ್ನೂ ಮೇಜಿನ ಮೇಲಿರುವಾಗಲೇ ಮುಗಿಸಬೇಕು. ಮೂಲ ಸರಿಯಾಗಿ ಕಾಣುವುದು ಅಲ್ಲಿ ಮಾತ್ರ, ಹೋಲಿಸಿ ನೋಡಲು ಅದು ಬೇಕು. ಎರಡು ಕಡೆ ಮುಖ್ಯವಾಗಿ ಕಣ್ಣಿಡಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ಬಗೆದು ಅರ್ಥವಿಲ್ಲದ ಅಕ್ಷರ ಮಾಡಿಬಿಡಬಹುದು. ಇನ್ನೊಂದು ಅರ್ಕಾವತ್ತು. ‘ಸೂರ್ಯ’ ಎನ್ನುವಲ್ಲಿ ಹಳೆಯ ಫಾಂಟಿನ ಕಡತದಲ್ಲಿ ಅರ್ಕಾವತ್ತು ಯಕಾರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು. ಕ್ರಮ ತಿರುಗಿಸುವುದನ್ನು ಪರಿವರ್ತಕ ಮರೆತರೆ ಅಕ್ಷರ ಅಡಿಮೇಲು.

ಕೀಲಿಮಣೆಯ ವಿಷಯವೂ ಇದೆ. ನುಡಿಯಲ್ಲಿ ಕಲಿತ ಬೆರಳುಗಳಿಗೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ರೂಢಿ; ಒತ್ತಕ್ಷರಕ್ಕೆ ಎಫ್ ಕೀಲಿ. ಲಿನಕ್ಸಿನಲ್ಲಿ ಇದು ‘ಕಗಪ’ ಎಂಬ ಹೆಸರಿನಲ್ಲಿ ಜೊತೆಗೇ ಬರುತ್ತದೆ. ವಿಂಡೋಸ್ ಹಾಗೂ ಮ್ಯಾಕ್‌ಗಳಲ್ಲಿ ತಾನಾಗಿ ಸಿಗುವುದು ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಯಾವುದಾದರೂ ಸರಿ. ಐವತ್ತು ದಾಟಿದವರ ಬೆರಳುಗಳನ್ನು ಬದಲಿಸುವುದು ಕಷ್ಟ.

ಇನ್ನು ಸಾಗಣೆ. ಹೊರ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡುವ ಮುನ್ನ ಅದು ಯಾವ ಪದ್ಧತಿಯಲ್ಲಿದೆ ಎಂದು ನೋಡಬೇಕು. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಹಳೆಯ ಫ್ಯಾಟ್32 ಪದ್ಧತಿಯಲ್ಲಿ 4 ಗಿಗಾಬೈಟ್ ಮೀರಿದ ಕಡತ ಹಿಡಿಯದು. ಮದುವೆಯ ವಿಡಿಯೋ ಅಲ್ಲೇ ಸಿಕ್ಕಿಬೀಳುತ್ತದೆ. ಎಕ್ಸ್‌ಫ್ಯಾಟ್ ಆದರೆ ಮೂರಕ್ಕೂ ಸಲ್ಲುತ್ತದೆ. ಖಾಲಿ ಡಿಸ್ಕನ್ನು ಮೊದಲೇ ಹಾಗೆ ಸಿದ್ಧಪಡಿಸಿಕೊಳ್ಳಬೇಕು; ಸಾಮಾನು ತುಂಬಿದ ಮೇಲೆ ಬದಲಿಸಹೊರಟರೆ ಎಲ್ಲ ಅಳಿಸಿಹೋಗುತ್ತದೆ.

ಕೊನೆಯದಾಗಿ ಹೊಸ ವಿಂಡೋಸ್ ಗಣಕ ತಂದವರು ಮೊದಲ ವಾರವೇ ಮಾಡಬೇಕಾದ ಒಂದು ಕೆಲಸ. ಇವುಗಳಲ್ಲಿ ಅನೇಕವು ಮೈಕ್ರೋಸಾಫ್ಟ್ ಖಾತೆ ತೆರೆದ ಕೂಡಲೇ ಡಿಸ್ಕಿನ ಮಾಹಿತಿಯನ್ನು ತಾವಾಗಿ ಗೂಢಲಿಪಿಗೆ ಬದಲಿಸಿಕೊಳ್ಳುತ್ತವೆ. ಕಳ್ಳತನವಾದರೆ ಇದು ರಕ್ಷಣೆ. ಆದರೆ ಮದರ್‌ಬೋರ್ಡ್ ಸುಟ್ಟುಹೋಗಿ, ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದಾಗ 48 ಅಂಕಿಗಳ ಒಂದು ಕೀಲಿ ಸಂಖ್ಯೆ ಕೇಳುತ್ತದೆ. ಅದಿಲ್ಲದಿದ್ದರೆ ರಿಪೇರಿ ಅಂಗಡಿಯವರೂ ಕೈಚೆಲ್ಲುತ್ತಾರೆ. ಆ ಸಂಖ್ಯೆ ಖಾತೆಯಲ್ಲಿ ಉಳಿದಿರುತ್ತದೆ. ಖಾತೆಯನ್ನು ತೆರೆದುಕೊಟ್ಟವರು ಅಂಗಡಿಯ ಹುಡುಗರಾಗಿದ್ದರೆ ಅದರ ಗುಪ್ತಪದವೇ ಮನೆಯವರಿಗೆ ಗೊತ್ತಿರುವುದಿಲ್ಲ! ಖಾತೆ ಮನೆಯವರ ಹೆಸರಿನಲ್ಲೇ ಇರಲಿ. ಆ 48 ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಯ ಪತ್ರ ಮತ್ತು ಮಕ್ಕಳ ಅಂಕಪಟ್ಟಿಗಳಿರುವ ಪೆಟ್ಟಿಗೆಯಲ್ಲೇ ಇಡಬಹುದು.